ನೀಲಿ ಅಂಗಿಯ ಶಾಲೆಯೂ ನಮ್ಮ ವಿದ್ಯಾನಿಧಿಯೂ

(ಗಿರಣಿ ಕಾರ್ಮಿಕರ ಸಂಘದ ವಿದ್ಯಾನಿಧಿಯನ್ನು ಹೇಗೆ ವಿನಿಯೋಗಿಸಬೇಕೆಂದು ವಿಚಾರ ಮಾಡಲು ಸೇರಿದ್ದ ಸಭೆಯಲ್ಲಿ ನಿವೃತ್ತ ಉಪಾಧ್ಯಾಯರೊಬ್ಬರು ಮಾಡಿದ ಭಾಷಣವಿದು. ಪೇಟೆಯ ಸಣ್ಣ ವ್ಯಾಪಾರಸ್ಥರೂ ಸಭೆಗೆ ಬಂದಿದ್ದರು. ಭಾಷಣವನ್ನು ಬಹುಮಟ್ಟಿಗೆ ಆಡಿದ ಮಾತಿನಲ್ಲಿಯೇ ಕೊಟ್ಟಿದ್ದೇವೆ. –ಸಂ.)



ರಾತ್ರಿ ಪಾಳಿ ಮುಗಿಸಿ ನಿದ್ದೆಗೆಟ್ಟು ಬಂದವರು ಇಲ್ಲಿ ಕೆಲವರಿದ್ದೀರಿ. ಅಂಗಡಿಯ ಬಾಗಿಲು ಹಾಕಿ ಬಂದವರೂ ಇದ್ದೀರಿ. ಆದುದರಿಂದ ಪೀಠಿಕೆ ಬೆಳೆಸದೆ ವಿಷಯಕ್ಕೆ ಬರುತ್ತೇನೆ.

ನೀವು ಬಟವಾಡೆಯ ದಿನ ಪಗಾರದಿಂದ ಇಷ್ಟಿಷ್ಟು ತೆಗೆದಿಟ್ಟು, ಪೇಟೆಯವರು ದೀಪಾವಳಿಯ ಲೆಕ್ಕ ಮುಗಿಸಿದ ಮೇಲೆ ಕೈಲಾದಷ್ಟು ಸೇರಿಸಿ, ಒಂದು ವಿದ್ಯಾನಿಧಿ ಕೂಡಿಸಿದ್ದೀರಿ. ಈಗ ಅದರ ಮುಂದೆ ಎರಡು ದಾರಿಗಳಿವೆ. ಪ್ರತಿವರ್ಷ ಜಾಣರಾದ ನಾಲ್ಕು ಮಕ್ಕಳನ್ನು ಆರಿಸಿ, ಹೆಸರಾಂತ ವಸತಿ ಶಾಲೆಗೆ ಕಳುಹಿಸಿ, ಅವರ ಫೀಜು ಕಟ್ಟೋಣ, ನಾಲ್ವರಾದರೂ ಮೇಲೆ ಬರಲಿ ಎಂದು ಕೆಲವರು ಹೇಳುತ್ತಾರೆ. ಹಾಗಲ್ಲ, ಗಿರಣಿಯ ಚಾಳಿನ ಹತ್ತಿರ ಒಂದು ದೊಡ್ಡ ಕೋಣೆ ಹಿಡಿದು, ದೀಪ, ಪುಸ್ತಕ, ಒಬ್ಬ ಮಾಸ್ತರರನ್ನು ಇಟ್ಟು, ಎಲ್ಲ ಮಕ್ಕಳೂ ಸಂಜೆ ಕುಳಿತು ಓದುವಂತೆ ಮಾಡೋಣ ಎಂದು ಉಳಿದವರು ಹೇಳುತ್ತಾರೆ. ಈ ಮಾತಿನ ಮೇಲೆ ಒಂದೇ ಚಾಳಿನವರು ಒಬ್ಬರನ್ನೊಬ್ಬರು ಮಾತನಾಡಿಸುವುದನ್ನು ಬಿಟ್ಟಿದ್ದಾರೆಂದು ಕೇಳಿದೆ. ಹಾಗಾಗಬಾರದು. ಎರಡು ಕಡೆಯವರ ಮನಸ್ಸಿನಲ್ಲಿಯೂ ಇರುವುದು ಮಕ್ಕಳ ಹಿತವೇ.

ಈ ಪ್ರಶ್ನೆಗೆ ಉತ್ತರ ಕೊಡುವ ಮುನ್ನ ನಿಮಗೆ ಒಂದು ಶಾಲೆಯ ಕಥೆ ಹೇಳುತ್ತೇನೆ. ಅದು ನಮ್ಮ ದೇಶದ್ದಲ್ಲ, ಇಂಗ್ಲೆಂಡಿನದು. ದೂರದ ಊರಿನ ಕಥೆ ನಮಗೇಕೆ ಎನ್ನಬೇಡಿರಿ. ಇಂದು ನಮ್ಮ ಊರೂರುಗಳಲ್ಲಿ 'ಪಬ್ಲಿಕ್ ಸ್ಕೂಲ್' ಎಂದು ಹಲಗೆ ತೂಗುಹಾಕಿಕೊಂಡ ಶಾಲೆಗಳಿವೆಯಲ್ಲ, ಆ ಹೆಸರೂ ಆ ಮಾದರಿಯೂ ಬಂದದ್ದು ಅಲ್ಲಿಂದಲೇ. ಪಬ್ಲಿಕ್ ಎಂದರೆ ಸಾರ್ವಜನಿಕ. ಆದರೆ ಆ ಶಾಲೆಯ ಗೇಟಿನ ಒಳಗೆ ಸಾರ್ವಜನಿಕರು ಕಾಲಿಡುವುದಕ್ಕಾಗುವುದಿಲ್ಲ. ಈ ವಿಚಿತ್ರ ಹೇಗೆ ಹುಟ್ಟಿತು ಎಂಬುದನ್ನು ಮೊದಲು ತಿಳಿಯಬೇಕು.

ಇಂಗ್ಲೆಂಡಿನಲ್ಲಿ ಇಂದು ಶ್ರೀಮಂತರ ಶಾಲೆಗಳೆಂದು ಪ್ರಸಿದ್ಧವಾದವುಗಳಲ್ಲಿ ಕೆಲವು ಹುಟ್ಟಿದ್ದು ಬಡವರ ಹೆಸರಿನಲ್ಲಿ. ೧೩೮೨ರಲ್ಲಿ ವಿಂಚೆಸ್ಟರ್ ಶಾಲೆಯನ್ನು ಸ್ಥಾಪಿಸಿದ ಬಿಷಪ್ ವಿಲಿಯಂ ಆಫ್ ವೈಕಂ ಎಪ್ಪತ್ತು ಮಂದಿ ಬಡ ವಿದ್ಯಾರ್ಥಿಗಳಿಗೆ ಅನ್ನ, ವಸತಿ, ವಿದ್ಯೆ ಪುಕ್ಕಟೆಯಾಗಿ ಸಿಗಲೆಂದು ಏರ್ಪಾಡು ಮಾಡಿದ. ೧೪೪೦ರಲ್ಲಿ ಆರನೆಯ ಹೆನ್ರಿ ದೊರೆ ಈಟನ್ ಶಾಲೆಯನ್ನು ತೆರೆದದ್ದೂ ಎಪ್ಪತ್ತು ಬಡ ಹುಡುಗರಿಗಾಗಿಯೇ. ಜವಾಹರಲಾಲ ನೆಹರೂ ಅವರು ಓದಿದ ಹ್ಯಾರೋ ಶಾಲೆಗೆ ೧೫೭೨ರಲ್ಲಿ ಸನ್ನದು ಪಡೆದವನು ಜಾನ್ ಲಯನ್ ಎಂಬ ಒಕ್ಕಲಿಗ. ಸುತ್ತಿನ ಹಳ್ಳಿಯ ಮಕ್ಕಳು ಓದಲೆಂಬುದು ಅವನ ಇಚ್ಛೆ.

ಬಳಿಕ ಏನಾಯಿತು? ಪುಕ್ಕಟೆ ಓದುವವರ ಜೊತೆಗೆ ಹಣ ಕೊಟ್ಟು ಓದುವವರನ್ನೂ ಸೇರಿಸಿಕೊಂಡರು. ಅದರಲ್ಲಿ ತಪ್ಪೇನು ಎಂದು ಆಗ ಯಾರಿಗೂ ಅನ್ನಿಸಿರಲಾರದು. ಆದರೆ ಹಣ ಕೊಡುವವರ ಸಂಖ್ಯೆ ಬೆಳೆಯುತ್ತ ಹೋಯಿತು. ಶಾಲೆ ಅವರಿಗೆ ಬೇಕಾದಂತೆ ಬದಲಾಯಿತು. ಗ್ರೀಕ್, ಲ್ಯಾಟಿನ್ ಭಾಷೆಗಳೇ ವಿದ್ಯೆಯೆಂದಾಯಿತು. ಮಗನಿಗೆ ಲೆಕ್ಕ ಬರೆಯಲು, ಕಾಗದ ಓದಲು ಬಂದರೆ ಸಾಕೆನ್ನುವ ಕಮ್ಮಾರನೂ ಅಂಗಡಿಕಾರನೂ ತಾನಾಗಿಯೇ ಹಿಂದೆ ಸರಿದ. ೧೮೬೮ರಲ್ಲಿ ಬಂದ ಪಬ್ಲಿಕ್ ಸ್ಕೂಲ್ ಕಾಯಿದೆಯ ನಂತರ ಇಂಥ ಕೆಲವು ಶಾಲೆಗಳಲ್ಲಿ ಸ್ಥಳದ ಮಕ್ಕಳಿಗಿದ್ದ ಹಳೆಯ ಹಕ್ಕು ಸಹ ಅಳಿಯಿತು. ಈಟನ್ನಿನಲ್ಲಿ ಆ ಎಪ್ಪತ್ತು ಸ್ಥಾನಗಳು ಇಂದಿಗೂ ಇವೆ. ಆದರೆ ಅವುಗಳ ಸುತ್ತ ಸಾವಿರಕ್ಕೂ ಮೇಲ್ಪಟ್ಟು ಹಣವಂತರ ಮಕ್ಕಳಿದ್ದಾರೆ. ೨೦೨೫ರಲ್ಲಿ ಅಲ್ಲಿನ ವರ್ಷದ ಫೀಜು ತೆರಿಗೆ ಸೇರಿ ಅರವತ್ತು ಸಾವಿರ ಪೌಂಡನ್ನು ಮೀರಿತು. ನಮ್ಮ ಹಣದಲ್ಲಿ ಅರವತ್ತು ಲಕ್ಷ ರೂಪಾಯಿಗೂ ಹೆಚ್ಚು. ಬಡವರಿಗಾಗಿ ತೋಡಿದ ಬಾವಿಗೆ ಉಳ್ಳವರು ಏತ ಹೂಡಿಕೊಂಡರೆಂದು ನಾನು ಹೇಳಿದರೆ ಅದು ಅತಿಶಯೋಕ್ತಿಯಾಗಲಾರದು.

ಆದರೆ ಒಂದು ಶಾಲೆ ಪೂರ್ತಿಯಾಗಿ ಈ ದಾರಿ ಹಿಡಿಯಲಿಲ್ಲ. ಅದರ ಹೆಸರು ಕ್ರೈಸ್ಟ್ಸ್ ಹಾಸ್ಪಿಟಲ್. ಹಾಸ್ಪಿಟಲ್ ಎಂದೊಡನೆ ದವಾಖಾನೆಯೆಂದು ತಿಳಿಯಬೇಡಿರಿ. ಹಳೆಯ ಕಾಲದಲ್ಲಿ ಆ ಪದಕ್ಕೆ ಅನಾಥರಿಗೆ ಆಸರೆ ಕೊಡುವ ಮನೆ ಎಂಬ ಅರ್ಥವಿತ್ತು. ಲಂಡನ್ನಿನ ಬೀದಿಗಳಲ್ಲಿ ತಂದೆತಾಯಿಗಳಿಲ್ಲದ ಮಕ್ಕಳು ಹಸಿದು ಅಲೆಯುತ್ತಿದ್ದ ಕಾಲ. ಬಿಷಪ್ ರಿಡ್ಲಿ ಎಂಬಾತ ಎಳೆಯ ದೊರೆ ಆರನೆಯ ಎಡ್ವರ್ಡನ ಮುಂದೆ ಬಡವರ ಪರವಾಗಿ ಉಪದೇಶ ಮಾಡಿದ. ದೊರೆಯ ಮನಸ್ಸು ಕರಗಿತು. ನಗರದ ಮೇಯರನೂ ವರ್ತಕರೂ ಮುಂದೆ ಬಂದು ಹಣ ಕೂಡಿಸಿದರು. ಸನ್ಯಾಸಿಗಳು ಬಿಟ್ಟುಹೋಗಿದ್ದ ಒಂದು ಹಳೆಯ ಮಠದ ಕಟ್ಟಡದಲ್ಲಿ ೧೫೫೨ರ ನವೆಂಬರಿನಲ್ಲಿ ೩೮೦ ಮಕ್ಕಳೊಂದಿಗೆ ಶಾಲೆ ಆರಂಭವಾಯಿತು. ಮರುವರ್ಷ ಜೂನ್ ತಿಂಗಳಲ್ಲಿ ದೊರೆ ಸನ್ನದಿಗೆ ಸಹಿ ಹಾಕಿದ. ಹತ್ತು ಹನ್ನೊಂದು ದಿನಗಳಲ್ಲಿ, ಹದಿನೈದನೆಯ ವಯಸ್ಸಿನಲ್ಲಿ, ತೀರಿಕೊಂಡ.

ವರ್ತಕರು ಹಣ ಕೂಡಿಸಿದರೆಂಬ ಮಾತನ್ನು ಪೇಟೆಯ ಬಂಧುಗಳು ಗಮನಿಸಬೇಕು. ದೊರೆಯ ಹೆಸರು ಉಳಿಯಿತು. ಅನ್ನ ಹಾಕಿದ್ದು ನಗರದ ಜನರ ದುಡ್ಡು. ಮುಂದೆ ದಾನವಾಗಿ ಬಂದ ಭೂಮಿ ಮತ್ತು ಮನೆಗಳ ಉತ್ಪನ್ನದಿಂದ ಶಾಲೆ ನಡೆಯಿತು. ೧೬೭೩ರಲ್ಲಿ ಎರಡನೆಯ ಚಾರ್ಲ್ಸ್ ದೊರೆಯ ಕಾಲದಲ್ಲಿ ಅಲ್ಲಿ ಗಣಿತದ ವಿಶೇಷ ತರಗತಿಯನ್ನು ತೆರೆದರು. ನಲವತ್ತು ಬಡ ಹುಡುಗರಿಗೆ ಲೆಕ್ಕವನ್ನೂ ನಕ್ಷೆಯನ್ನೂ ಹಡಗು ನಡೆಸುವ ಶಾಸ್ತ್ರವನ್ನೂ ಕಲಿಸುವುದು ಅದರ ಉದ್ದೇಶ. ಆ ಪಾಠಕ್ರಮ ಹೇಗಿರಬೇಕೆಂದು ಸಲಹೆ ಕೇಳಿದ್ದು ಯಾರನ್ನು ಗೊತ್ತೆ? ಐಸಾಕ್ ನ್ಯೂಟನ್ನನನ್ನು. ಅನಾಥ ಹುಡುಗರ ಪಾಠಕ್ಕೆ ಆ ಕಾಲದ ಮಹಾ ವಿಜ್ಞಾನಿಯ ಸಲಹೆ! ಬಡವರಿಗೆ ಇಷ್ಟು ಸಾಕು ಎಂದು ಅಳೆದು ಹಾಕುವ ನಮ್ಮ ಕಾಲದ ಧರ್ಮಾತ್ಮರು ಇದನ್ನು ನೆನಪಿನಲ್ಲಿಡಬೇಕು. ಆದರೆ ಆ ಹುಡುಗರು ಸರಕಾರದ ನೌಕಾಪಡೆಗೆ ಬೇಕಾಗಿದ್ದರು ಎಂಬುದನ್ನೂ ನಾವು ಮರೆಯಬಾರದು.

ಈಗ ಆ ಶಾಲೆಯ ಜೀವನ ಹೇಗಿದೆಯೆಂದು ಹೇಳುತ್ತೇನೆ. ೧೯೦೨ರಲ್ಲಿ ಶಾಲೆ ಲಂಡನ್ನಿನ ಇಕ್ಕಟ್ಟನ್ನು ಬಿಟ್ಟು ಸಸೆಕ್ಸ್ ಪ್ರಾಂತದ ಹಾರ್ಶಂ ಊರಿನ ಬಳಿ ಸುಮಾರು ೧೨೦೦ ಎಕರೆ ಭೂಮಿಗೆ ಬಂತು. ಶಾಲೆಯ ಹೆಸರಿನಲ್ಲಿಯೇ ಒಂದು ರೈಲು ನಿಲ್ದಾಣವಿದೆ. ಹುಡುಗಿಯರು ಮೊದಲಿನಿಂದಲೂ ಇದ್ದರು, ಆದರೆ ಹುಡುಗರಿಗಿಂತ ಬಹಳ ಕಡಿಮೆ. ಅವರ ಶಾಲೆ ಬಹುಕಾಲ ಹರ್ಟ್‌ಫರ್ಡಿನಲ್ಲಿ ಬೇರೆಯಾಗಿತ್ತು. ೧೯೮೫ರಲ್ಲಿ ಎರಡೂ ಒಂದಾದವು. ಈಗ ಹನ್ನೊಂದರಿಂದ ಹದಿನೆಂಟು ವರ್ಷದ ಸುಮಾರು ಒಂಬೈನೂರು ಮಕ್ಕಳಿದ್ದಾರೆ. ಹೆಚ್ಚಿನವರು ಅಲ್ಲಿಯೇ ಉಳಿದು ಓದುವವರು. ಬೆಳಗ್ಗೆ ಬಂದು ಸಂಜೆ ಮನೆಗೆ ಹೋಗುವ ದಿನದ ವಿದ್ಯಾರ್ಥಿಗಳನ್ನೂ ಈಚೆಗೆ ತೆಗೆದುಕೊಳ್ಳುತ್ತಾರೆ. ಮಕ್ಕಳನ್ನು ಮನೆಗಳೆಂಬ ವಿಭಾಗಗಳಾಗಿ ಹಂಚಿದ್ದಾರೆ. ಉಣ್ಣುವುದು, ಆಡುವುದು, ಸಂಜೆ ಓದಿಗೆ ಕೂಡುವುದು ಎಲ್ಲವೂ ಗಂಟೆಯ ಪ್ರಕಾರ. ಕೊನೆಯ ವರ್ಷದವರಿಗೆ 'ಗ್ರೀಸಿಯನ್' ಎಂಬ ಹಳೆಯ ಹೆಸರು ಇಂದಿಗೂ ನಡೆದಿದೆ. ಅವರಿಗೆ ಬೇರೆ ವಸತಿ. ಕಾಲೇಜಿಗೆ ಹೋಗುವ ಮುನ್ನ ತಮ್ಮ ಕೆಲಸ ತಾವು ನೋಡಿಕೊಳ್ಳುವ ಅಭ್ಯಾಸ ಅಲ್ಲಾಗುತ್ತದೆ.

ಆ ಮಕ್ಕಳ ಉಡುಪು ನಾನೂರು ವರ್ಷಗಳಿಗೂ ಹಳೆಯದು. ಕಾಲಿನವರೆಗೆ ಇಳಿಬಿದ್ದ ನೀಲಿ ಅಂಗಿ, ನಡುವಿಗೆ ಚರ್ಮದ ಪಟ್ಟಿ, ಹಳದಿ ಕಾಲುಚೀಲ, ಕುತ್ತಿಗೆಯಲ್ಲಿ ಬಿಳಿಯ ಪಟ್ಟಿ. ನೀಲಿ ಬಣ್ಣ ಆಗ ಅಗ್ಗವಾಗಿತ್ತು, ಆದುದರಿಂದ ಅನಾಥರಿಗೆ ನೀಲಿ. ಅಂದು ಬಡತನದ ಗುರುತಾಗಿದ್ದ ಆ ಬಟ್ಟೆಯನ್ನು ಇಂದು ಮಕ್ಕಳು ಹೆಮ್ಮೆಯಿಂದ ತೊಡುತ್ತಾರೆ. ಬದಲಿಸೋಣವೇ ಎಂದು ಅವರನ್ನೇ ಕೇಳಿದಾಗ ಬೇಡವೆಂದು ಬಹುಮತದಿಂದ ಹೇಳಿದರು. ಅದನ್ನು ಶಾಲೆಯೇ ಎಲ್ಲರಿಗೂ ಪುಕ್ಕಟೆಯಾಗಿ ಕೊಡುತ್ತದೆ. ಮಧ್ಯಾಹ್ನ ವಾದ್ಯದ ಮೇಳ ಮುಂದೆ, ಮಕ್ಕಳು ಸಾಲಾಗಿ ಹಿಂದೆ. ಹೀಗೆ ಹೆಜ್ಜೆ ಹಾಕುತ್ತ ಊಟದ ಮನೆಗೆ ಹೋಗುತ್ತಾರೆ.

ಇನ್ನು ಫೀಜಿನ ಮಾತು. ಆ ಶಾಲೆಯ ವಿಶೇಷ ಇದೇ. ಪೂರ್ತಿ ಫೀಜು ಕೊಡುವವರೂ ಅಲ್ಲಿದ್ದಾರೆ. ಆದರೆ ಬಹಳ ಮಕ್ಕಳಿಗೆ ತಂದೆತಾಯಿಗಳ ವರಮಾನ ನೋಡಿ ಫೀಜನ್ನು ಇಳಿಸುತ್ತಾರೆ. ಕೆಲವರದು ಅರ್ಧ, ಕೆಲವರದು ಅತ್ಯಲ್ಪ, ಕೆಲವರದು ಏನೂ ಇಲ್ಲ. ಊಟದ ಸಾಲಿನಲ್ಲಿ ಇಬ್ಬರು ಅಕ್ಕಪಕ್ಕ ನಿಂತರೆ ಯಾರ ತಂದೆ ಎಷ್ಟು ಕೊಟ್ಟನೆಂದು ಅಂಗಿ ನೋಡಿ ಹೇಳಲಾಗುವುದಿಲ್ಲ.

ಸಂಗಾತಿಗಳೆ, ಈ ಮಾತನ್ನು ಓದಿದಾಗ ನನ್ನ ಬಾಲ್ಯ ನೆನಪಾಗಿ ಪುಸ್ತಕ ಮಡಿಚಿಟ್ಟು ಸುಮ್ಮನೆ ಕುಳಿತೆ. ನನ್ನ ತಂದೆ ಗಿರಣಿಯ ನೂಲುವ ಖಾತೆಯಲ್ಲಿದ್ದವರು. ನನ್ನನ್ನು ಒಂದು ವಸತಿ ಶಾಲೆಗೆ ಹಾಕಿದರು. ಅದರ ಹೆಸರು ಬೇಡ. ಅಲ್ಲಿ ಎರಡು ಪಂಕ್ತಿಗಳಿದ್ದವು. ಮೊದಲನೆಯದು ಹಣ ಕಟ್ಟಿದವರದು, ಎರಡನೆಯದು ಪುಕ್ಕಟೆಯವರದು. ಮೊದಲನೆಯ ಪಂಕ್ತಿಗೆ ಅನ್ನದ ಮೇಲೆ ತುಪ್ಪ ಬೀಳುತ್ತಿತ್ತು. ನಾವು ಬಾಗಿಲ ಬಳಿ ನಿಂತು ಅವರು ಏಳುವುದನ್ನು ಕಾಯಬೇಕು. ಕಾದು, ಅವರ ಎಲೆ ತೆಗೆದು, ನೆಲ ಬಳಿದು ನಾವು ಕೂಡಬೇಕು. ನನಗೆ ಹಸಿವು ನೆನಪಿಲ್ಲ. ಬಾಗಿಲ ಬಳಿ ನಿಂತದ್ದು ನೆನಪಿದೆ. ನನ್ನ ತಂದೆ ಒಮ್ಮೆ ಭೇಟಿಗೆ ಬಂದವರು ಅದನ್ನು ಕಂಡರು. ಏನೂ ಹೇಳಲಿಲ್ಲ. ಹೋಗುವಾಗ ನನ್ನ ಕೈಯಲ್ಲಿ ಒಂದು ಸಣ್ಣ ಡಬ್ಬಿ ತುಪ್ಪ ಇಟ್ಟರು. ಆ ತಿಂಗಳು ಮನೆಯಲ್ಲಿ ಏನನ್ನು ಬಿಟ್ಟು ಅದನ್ನು ತಂದರೋ ನಾನು ಕೊನೆಯವರೆಗೂ ಕೇಳಲಿಲ್ಲ.

ಆದರೆ ನೀಲಿ ಅಂಗಿಯ ಶಾಲೆಯನ್ನು ಸ್ವರ್ಗವೆಂದು ಹೊಗಳಲು ನಾನು ಬಂದಿಲ್ಲ. ಎರಡು ನೂರು ವರ್ಷಗಳ ಹಿಂದೆ ಅಲ್ಲಿನ ಸ್ಥಿತಿ ಹೇಗಿತ್ತೆಂಬುದನ್ನು ಅಲ್ಲಿಯೇ ಓದಿದವರು ಬರೆದಿಟ್ಟಿದ್ದಾರೆ. ಪ್ರಬಂಧಕಾರ ಚಾರ್ಲ್ಸ್ ಲ್ಯಾಂಬ್, ಕವಿ ಕೋಲ್‌ರಿಜ್ ಇಬ್ಬರೂ ೧೭೮೨ರಲ್ಲಿ ಆ ಶಾಲೆ ಸೇರಿದರು. ಲ್ಯಾಂಬನ ತಂದೆ ಒಬ್ಬ ವಕೀಲನ ಬಳಿ ಗುಮಾಸ್ತನೂ ಸೇವಕನೂ ಆಗಿದ್ದವನು. ಕೋಲ್‌ರಿಜ್ ತಂದೆ ಸತ್ತ ಮೇಲೆ ದೂರದ ಹಳ್ಳಿಗಾಡಿನಿಂದ ಬಂದ ಹುಡುಗ. ಶಾಲೆಯ ಬಗ್ಗೆ ಲ್ಯಾಂಬ್ ೧೮೨೦ರಲ್ಲಿ ಬರೆದ ಪ್ರಬಂಧ ಇಂದಿಗೂ ಪ್ರಸಿದ್ಧವಾಗಿದೆ. ಲ್ಯಾಂಬನ ಮನೆ ಲಂಡನ್ನಿನಲ್ಲಿಯೇ ಇದ್ದುದರಿಂದ ಅವನಿಗೆ ಮನೆಯಿಂದ ಬಿಸಿಯೂಟ ಬರುತ್ತಿತ್ತು. ದೂರದಿಂದ ಬಂದವನು ಒಣ ರೊಟ್ಟಿ ತಿಂದು, ರಜೆಯ ದಿನ ಹೋಗಲು ಮನೆಯಿಲ್ಲದೆ ಬೀದಿ ಅಲೆಯುತ್ತಿದ್ದ. ಎಲ್ಲರ ಅಂಗಿ ಒಂದೇ ಆಗಿತ್ತು. ಹೊಟ್ಟೆ ಒಂದೇ ಆಗಿರಲಿಲ್ಲ. ಓಡಿಹೋಗಲು ಯತ್ನಿಸಿದ ಹುಡುಗನಿಗೆ ಮೊದಲ ಸಲ ಕಾಲಿಗೆ ಬೇಡಿ. ಎರಡನೆಯ ಸಲ ಒಬ್ಬನೇ ಮಲಗುವಷ್ಟು ಜಾಗದ ಕತ್ತಲೆ ಕೋಣೆ. ಮಾಸ್ತರರ ಬೆತ್ತಕ್ಕಂತೂ ಲೆಕ್ಕವಿರಲಿಲ್ಲ. ಅಲ್ಲಿ ಸೇರಬೇಕಾದರೆ ಆಗ ಶಾಲೆಯ ಆಡಳಿತಗಾರನೊಬ್ಬನ ಶಿಫಾರಸು ಬೇಕಾಗುತ್ತಿತ್ತು. ಶಿಫಾರಸು ಹಿಡಿಯಲಾರದ ಬಡವನಿಗೆ ಬಡವರ ಶಾಲೆಯೂ ದೂರವೇ.

ಆ ಪ್ರಬಂಧದಲ್ಲಿ ಬರುವ ಒಂದು ಸಂಗತಿಯನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ಬೇಯಿಸಿದ ಮಾಂಸದ ಕೊಬ್ಬಿನ ತುಂಡುಗಳನ್ನು ಆ ಶಾಲೆಯ ಹುಡುಗರು ಮುಟ್ಟುತ್ತಿರಲಿಲ್ಲ. ಅದನ್ನು ತಿನ್ನುವವನು ಕೀಳು ಎಂಬ ಭಾವನೆ ಅವರಲ್ಲಿತ್ತು. ಒಬ್ಬ ಹುಡುಗ ಮಾತ್ರ ಊಟವಾದ ಮೇಲೆ ತಟ್ಟೆಗಳಲ್ಲಿ ಉಳಿದದ್ದನ್ನು ಆರಿಸಿಕೊಂಡು ಹೋಗಿ ತನ್ನ ಹಾಸಿಗೆಯ ಹತ್ತಿರ ಬಚ್ಚಿಡುತ್ತಿದ್ದ. ಅವನು ತಿನ್ನುವುದನ್ನು ಯಾರೂ ಕಂಡಿರಲಿಲ್ಲ. ಮಾರುತ್ತಾನೆಂದು ಸುದ್ದಿ ಹಬ್ಬಿತು. ಯಾರೂ ಅವನ ಜೊತೆ ಮಾತನಾಡಲಿಲ್ಲ, ಆಡಲಿಲ್ಲ. ಕೊನೆಗೆ ಇಬ್ಬರು ಹುಡುಗರು ರಜೆಯ ದಿನ ಅವನನ್ನು ಹಿಂಬಾಲಿಸಿದರು. ಬಡವರು ಬಾಡಿಗೆಗಿರುವ ಒಂದು ಹಳೆಯ ಕಟ್ಟಡದ ಮೆಟ್ಟಿಲು ಹತ್ತಿ ಅವನು ಬಾಗಿಲು ಬಡಿದ. ಹರಕು ಬಟ್ಟೆಯ ಮುದುಕಿಯೊಬ್ಬಳು ಬಾಗಿಲು ತೆಗೆದಳು. ಹುಡುಗರು ಬಂದು ದೂರು ಹೇಳಿದರು. ಶಾಲೆಯ ಮೇಲ್ವಿಚಾರಕ ಅವಸರ ಮಾಡದೆ ವಿಚಾರಿಸಿದ. ಆ ಮನೆಯಲ್ಲಿದ್ದವರು ಕಾಲ ಕೆಟ್ಟು ಬಡತನಕ್ಕೆ ಬಿದ್ದ ಅವನ ತಂದೆತಾಯಿಗಳು. ಗೆಳೆಯರ ತಿರಸ್ಕಾರ ಸಹಿಸಿ, ಯಾರಿಗೂ ಹೇಳದೆ, ಆ ಮಗು ಅವರ ಹೊಟ್ಟೆ ಹೊರೆಯುತ್ತಿತ್ತು. ಆಡಳಿತದವರು ಆ ಕುಟುಂಬಕ್ಕೆ ಸಹಾಯ ಮಾಡಿದರು; ಹುಡುಗನಿಗೆ ಬೆಳ್ಳಿಯ ಪದಕ ಕೊಟ್ಟರು.

ಇದನ್ನು ಕೇಳಿ ಪದಕ ಕೊಟ್ಟವರನ್ನು ಹೊಗಳುವವರಿದ್ದಾರೆ. ನಾನು ಬೇರೆ ಮಾತು ಕೇಳುತ್ತೇನೆ. ಮಗನನ್ನು ಮೇಲೆತ್ತಿದ ಶಾಲೆ ಅವನ ತಂದೆತಾಯಿಗಳನ್ನು ಬೀದಿಯಲ್ಲಿಯೇ ಬಿಟ್ಟಿತ್ತಲ್ಲ? ಅವನು ನಾಚಿಕೆಯಿಂದ ಬಚ್ಚಿಟ್ಟು ಒಯ್ಯಬೇಕಾಯಿತಲ್ಲ? ನಾವು ನಾಲ್ಕು ಮಕ್ಕಳನ್ನು ಆರಿಸಿ ಕಳುಹಿಸಿದರೆ, ಅವರು ಅಲ್ಲಿನ ಮಕ್ಕಳ ನಡುವೆ ಕುಳಿತು ತಮ್ಮ ತಂದೆ ಏನು ಕೆಲಸ ಮಾಡುತ್ತಾನೆಂದು ಹೇಳಲು ತಡವರಿಸುವಂತಾದರೆ, ನಮ್ಮ ನಿಧಿ ಸಾಧಿಸಿದ್ದೇನು?

ಇಂಥ ಶಾಲೆಗಳಿಂದ ಮೇಲೆ ಬಂದ ಬಡವರ ಮಕ್ಕಳು ಇಲ್ಲವೆಂದಲ್ಲ. ಲಂಡನ್ನಿನ ಹಾಕ್ಸ್ಟನ್ ಎಂಬ ದುಡಿಯುವ ಜನರ ಪೇಟೆಯಲ್ಲಿ ಬಟ್ಟೆ ಅಂಗಡಿ ಇಟ್ಟುಕೊಂಡವನ ಮಗ ಬ್ರಯನ್ ಮಗೀ ಇದೇ ನೀಲಿ ಅಂಗಿ ತೊಟ್ಟು ಓದಿ, ಮುಂದೆ ತತ್ತ್ವಶಾಸ್ತ್ರದ ಹೆಸರಾಂತ ಲೇಖಕನೂ ಪಾರ್ಲಿಮೆಂಟಿನ ಸದಸ್ಯನೂ ಆದ. ಲೇಬರ್ ಪಕ್ಷದ ಮೈಕೇಲ್ ಸ್ಟುವರ್ಟ್ ಅದೇ ಶಾಲೆಯಲ್ಲಿ ಓದಿ ೧೯೬೪ರಲ್ಲಿ ಇಂಗ್ಲೆಂಡಿನ ವಿದ್ಯಾಮಂತ್ರಿಯಾದ. ಇವು ನಿಜ. ಆದರೆ ನಾಲ್ಕು ಜನ ಏಣಿ ಹತ್ತಿದರೆ ಗೋಡೆ ಬಿದ್ದಂತಾಗುವುದಿಲ್ಲ. ಇಂಗ್ಲೆಂಡಿನಲ್ಲಿ ಖಾಸಗಿ ಶಾಲೆಯಲ್ಲಿ ಓದುವ ಮಕ್ಕಳು ನೂರಕ್ಕೆ ಸುಮಾರು ಏಳು. ೨೦೧೯ರಲ್ಲಿ ಅಲ್ಲಿ ನಡೆದ ಒಂದು ಸಮೀಕ್ಷೆಯಂತೆ ಮೇಲ್ದರ್ಜೆಯ ನ್ಯಾಯಾಧೀಶರಲ್ಲಿ ನೂರಕ್ಕೆ ೬೫ ಮಂದಿ ಆ ಏಳರ ಪೈಕಿಯವರು. ಈಟನ್ ಒಂದೇ ಶಾಲೆಯಿಂದ ಇಪ್ಪತ್ತು ಪ್ರಧಾನಮಂತ್ರಿಗಳು ಬಂದಿದ್ದಾರೆ.

ಅಲ್ಲಿನ ಸಮಾಜವಾದಿಗಳು ಏನು ಮಾಡಿದರು ಎಂದು ನೀವು ಕೇಳಬಹುದು. ಈ ಪ್ರಶ್ನೆ ನಮಗೆ ಮುಜುಗರದ್ದೇ ಸರಿ. ೧೯೪೪ರಲ್ಲಿ ಫ್ಲೆಮಿಂಗ್ ಸಮಿತಿ, ಈ ಶಾಲೆಗಳಲ್ಲಿ ನಾಲ್ಕರಲ್ಲೊಂದು ಪಾಲು ಸ್ಥಾನಗಳನ್ನು ಸಾಮಾನ್ಯ ಶಾಲೆಯ ಮಕ್ಕಳಿಗೆ ಬಿಡಬೇಕೆಂದಿತು. ಮರುವರ್ಷ ಲೇಬರ್ ಪಕ್ಷ ಭಾರಿ ಬಹುಮತದಿಂದ ಅಧಿಕಾರಕ್ಕೆ ಬಂದರೂ ಅದು ಬಹುಮಟ್ಟಿಗೆ ಕಾಗದದಲ್ಲಿಯೇ ಉಳಿಯಿತು. ಆಗಿನ ಪ್ರಧಾನಿ ಅಟ್ಲಿಯವರು ಓದಿದ್ದು ಹೇಲಿಬರಿ ಎಂಬ ಇಂಥದೇ ಶಾಲೆಯಲ್ಲಿ. ಈಸ್ಟ್ ಇಂಡಿಯಾ ಕಂಪನಿ ನಮ್ಮನ್ನು ಆಳಲು ತನ್ನ ಅಧಿಕಾರಿಗಳನ್ನು ತಯಾರು ಮಾಡುತ್ತಿದ್ದ ಕಾಲೇಜಿನ ಆವರಣ ಅದು. ೧೯೬೫ರಲ್ಲಿ ಮತ್ತೊಂದು ಆಯೋಗ ನೇಮಕವಾಗಿ, ೧೯೬೮ ಮತ್ತು ೧೯೭೦ರಲ್ಲಿ ವರದಿಗಳನ್ನು ಕೊಟ್ಟಿತು. ಅವೂ ಕಪಾಟು ಸೇರಿದವು. ಕಡೆಗೆ ೨೦೨೫ರ ಜನವರಿ ೧ರಿಂದ ಖಾಸಗಿ ಶಾಲೆಯ ಫೀಜಿನ ಮೇಲೆ ನೂರಕ್ಕೆ ಇಪ್ಪತ್ತರಂತೆ ತೆರಿಗೆ ಜಾರಿಗೆ ಬಂತು. ಆ ಹಣ ಸರಕಾರಿ ಶಾಲೆಗಳಿಗೆ ಹೋಗಬೇಕೆಂಬುದು ಲೇಬರ್ ಸರಕಾರದ ಮಾತು. ಹೊರೆ ಬೀಳುವುದು ಕೋಟ್ಯಧೀಶನ ಮೇಲಲ್ಲ, ಕಷ್ಟಪಟ್ಟು ಮಗನನ್ನು ಓದಿಸುವ ಮಧ್ಯಮ ವರ್ಗದವನ ಮೇಲೆ ಎಂದು ವಿರೋಧಿಗಳು ಹೇಳಿದರು. ಆ ಮಾತಿನಲ್ಲಿ ಸ್ವಲ್ಪ ಸತ್ಯವಿದೆ. ಆದರೆ ದಾನಧರ್ಮದ ಸಂಸ್ಥೆಯೆಂದು ವಿನಾಯಿತಿ ಪಡೆದು ಧನಿಕರ ಮಕ್ಕಳಿಗೆ ಮಾತ್ರ ಕಲಿಸುವುದು ಎಂಥ ಧರ್ಮ ಎಂಬುದಕ್ಕೆ ಅವರಿಂದ ಉತ್ತರ ಬರಲಿಲ್ಲ.

ನಮ್ಮ ಮನೆಯ ಕಡೆಗೂ ನೋಡೋಣ. ೨೦೦೯ರ ಶಿಕ್ಷಣ ಹಕ್ಕಿನ ಕಾಯಿದೆ ಖಾಸಗಿ ಶಾಲೆಗಳು ಆರಂಭದ ತರಗತಿಯಲ್ಲಿ ನಾಲ್ಕರಲ್ಲೊಂದು ಪಾಲು ಸ್ಥಾನಗಳನ್ನು ದುರ್ಬಲ ವರ್ಗದ ಮಕ್ಕಳಿಗೆ ಕೊಡಬೇಕೆಂದಿತು. ಇಂಗ್ಲೆಂಡಿನಲ್ಲಿ ೧೯೪೪ರಲ್ಲಿ ಕಾಗದದಲ್ಲಿದ್ದದ್ದು ನಮ್ಮಲ್ಲಿ ಕಾಯಿದೆಯಾಯಿತು. ಆದರೆ ೨೦೧೯ರಲ್ಲಿ ಕರ್ನಾಟಕದಲ್ಲಿ ನಿಯಮ ತಿದ್ದಿ, ಹತ್ತಿರದಲ್ಲಿ ಸರಕಾರಿ ಅಥವಾ ಅನುದಾನಿತ ಶಾಲೆಯಿದ್ದರೆ ಖಾಸಗಿ ಶಾಲೆಗೆ ಆ ಹೊಣೆಯಿಲ್ಲವೆಂದರು. ಆ ಬಾಗಿಲು ಬಹುಪಾಲು ಮುಚ್ಚಿತು. ಸರಕಾರಿ ಶಾಲೆಗಳು ತುಂಬಲೆಂಬುದು ಅದರ ಕಾರಣವೆಂದರು. ಒಳ್ಳೆಯದು. ಹಾಗಾದರೆ ಸರಕಾರಿ ಶಾಲೆಗೆ ಮಾಸ್ತರರನ್ನೂ ಮಾಳಿಗೆಯನ್ನೂ ಕೊಡಬೇಕೋ ಬೇಡವೋ?

ಇನ್ನು ವಸತಿ ಶಿಕ್ಷಣ ನಮಗೆ ಹೊಸದಲ್ಲ. ತುಮಕೂರಿನ ಸಿದ್ಧಗಂಗೆಯಲ್ಲಿ ಸಾವಿರಾರು ಮಕ್ಕಳು ಪುಕ್ಕಟೆಯಾಗಿ ಉಂಡು ಓದುತ್ತಾರೆ. ೧೯೮೬ರ ಶಿಕ್ಷಣ ನೀತಿಯಿಂದ ಬೆಳೆದ ನವೋದಯ ಶಾಲೆಗಳಲ್ಲಿ, ನಮ್ಮ ರಾಜ್ಯದ ಮೊರಾರ್ಜಿ ದೇಸಾಯಿ ವಸತಿ ಶಾಲೆಗಳಲ್ಲಿ, ಪರೀಕ್ಷೆ ಬರೆದು ಆರನೆಯ ತರಗತಿಗೆ ಸೇರಬಹುದು. ಆ ಪರೀಕ್ಷೆಗೆ ನಮ್ಮ ಚಾಳಿನ ಎಷ್ಟು ಮಕ್ಕಳು ಕೂಡುತ್ತಾರೆ? ಅರ್ಜಿಯ ದಿನ ದಾಟಿದ ಮೇಲೆ ಸುದ್ದಿ ತಿಳಿಯುತ್ತದೆ. ಓದಲು ಜಾಗವಿಲ್ಲ. ಒಂದೇ ಕೋಣೆಯ ಮನೆಯಲ್ಲಿ ರಾತ್ರಿ ಪಾಳಿಯವರು ಹಗಲು ಮಲಗಿರುತ್ತಾರೆ. ಮಗು ಬಾಯಿ ತೆರೆದು ಮಗ್ಗಿ ಹೇಳುವಂತಿಲ್ಲ. ಪುಕ್ಕಟೆ ಸಿಗುವ ಸ್ಥಾನವನ್ನು ಹೀಗೆ ಕೈಬಿಟ್ಟು, ದುಡ್ಡು ಕೊಟ್ಟು ಕೊಳ್ಳುವ ಸ್ಥಾನಕ್ಕೆ ನಮ್ಮ ನಿಧಿ ಸುರಿಯುವುದು ಯಾವ ಲೆಕ್ಕ? ವ್ಯಾಪಾರ ಬಲ್ಲ ಬಂಧುಗಳೇ ಹೇಳಲಿ.

ಈ ಸಭೆಯಲ್ಲಿಯೇ ಒಬ್ಬ ತಂದೆ ಕುಳಿತಿದ್ದಾರೆ. ಹೆಸರು ಹೇಳುವುದಿಲ್ಲ. ಮಗನನ್ನು ದೂರದ ವಸತಿ ಶಾಲೆಗೆ ಸೇರಿಸಲು ತಿಂಗಳಿಗೆ ನೂರಕ್ಕೆ ಐದರ ಬಡ್ಡಿಯಂತೆ ಸಾಲ ತಂದರು. ಎರಡನೆಯ ವರ್ಷದ ಫೀಜು ಕಟ್ಟಲಾಗದೆ ಹುಡುಗ ಹಿಂತಿರುಗಿದ. ಈಗ ಹಳೆಯ ಶಾಲೆಗೆ ಹೋಗಲು ನಾಚಿಕೊಂಡು ಮನೆಯಲ್ಲಿದ್ದಾನೆ. ಸಾಲ ಇನ್ನೂ ಇದೆ. ಅವರನ್ನು ನಕ್ಕವರಿದ್ದಾರೆ. ನಗಬೇಡಿರಿ. ಮಗ ಯಂತ್ರದ ಮುಂದೆ ನಿಲ್ಲದಿರಲಿ ಎಂದು ಆಶಿಸಿದ ತಂದೆ ಏನು ತಪ್ಪು ಮಾಡಿದ?

ಆದುದರಿಂದ ನನ್ನ ಸೂಚನೆ ಇದು. ಮೊದಲು ಓದುವ ಕೋಣೆಯಾಗಲಿ. ಅದು ಎಲ್ಲರ ಮಕ್ಕಳಿಗೂ ಇರಲಿ. ಅಂಗಡಿಯವರ ಮಕ್ಕಳೂ ಬರಲಿ, ಸಂಘದ ಸದಸ್ಯರಲ್ಲದವರ ಮಕ್ಕಳೂ ಬರಲಿ. ಹುಡುಗಿಯರಿಗೆ ಕತ್ತಲಾಗುವುದಕ್ಕೆ ಮುಂಚೆ ಹೊತ್ತು ಗೊತ್ತುಮಾಡಿ, ಮನೆಗೆ ಮುಟ್ಟಿಸುವ ಹೊಣೆಯನ್ನು ಸಂಘ ಹೊರಲಿ. ನವೋದಯ, ಮೊರಾರ್ಜಿ ಶಾಲೆಗಳ ಅರ್ಜಿ ತುಂಬಿಸುವ ಕೆಲಸವನ್ನು ಅಲ್ಲಿಯ ಮಾಸ್ತರರು ಮಾಡಲಿ.

ಉಳಿದ ಹಣದಿಂದ ವಸತಿ ಬೇಕೇಬೇಕಾದ ಮಕ್ಕಳಿಗೆ ಸಹಾಯ ಮಾಡೋಣ. ತಾಯಿಯಿಲ್ಲದ ಮಗು, ತಂದೆ ಗಿರಣಿಯಲ್ಲಿ ಅಂಗಹೀನನಾದ ಮಗು, ಹೈಸ್ಕೂಲು ಇಲ್ಲದ ಹಳ್ಳಿಯ ಮಗು ಮುಂದೆ ಬರಲಿ. ಅಂಕಗಳು ಬೇಡವೆನ್ನುವುದಿಲ್ಲ, ಆದರೆ ಅಗತ್ಯ ಮೊದಲು, ಅಂಕ ಆಮೇಲೆ. ನೀಲಿ ಅಂಗಿಯ ಶಾಲೆಯಿಂದ ಒಂದು ನಿಯಮವನ್ನು ನಾವು ಕಲಿಯಬಹುದು: ವರಮಾನ ನೋಡಿ ಪಾಲು. ಶಕ್ತಿಯಿದ್ದವರು ಹೆಚ್ಚು ಕೊಡಲಿ, ಇಲ್ಲದವರು ಏನೂ ಕೊಡದಿರಲಿ. ಯಾರು ಎಷ್ಟು ಕೊಟ್ಟರೆಂಬುದು ಸಮಿತಿಯ ಪುಸ್ತಕದಲ್ಲಿರಲಿ, ಮಕ್ಕಳ ಬಟ್ಟೆಯಲ್ಲಿಯೂ ತಟ್ಟೆಯಲ್ಲಿಯೂ ಕಾಣದಿರಲಿ. ಸಹಾಯ ಪಡೆದ ಮಕ್ಕಳನ್ನು ವೇದಿಕೆಗೆ ಕರೆದು ನಿಲ್ಲಿಸುವುದೂ ಬೇಡ, ಫೋಟೋ ತೆಗೆಯುವುದೂ ಬೇಡ. ಸಮಿತಿಯಲ್ಲಿ ಇಬ್ಬರು ಹೆಣ್ಣುಮಕ್ಕಳಿರಲಿ. ಯಾವ ಮನೆಯ ಒಲೆ ಹೇಗೆ ಉರಿಯುತ್ತದೆಂದು ಅವರಿಗೆ ಗೊತ್ತು. ಶಿಫಾರಸಿಗೆ ಅಲ್ಲಿ ಜಾಗ ಬೇಡ, ನನ್ನ ಶಿಫಾರಸಿಗೂ ಬೇಡ.

ಇದರಿಂದ ದೇಶದ ವಿದ್ಯೆಯ ಅಸಮಾನತೆ ಅಳಿಯುತ್ತದೆಯೇ? ಇಲ್ಲ. ಸರಕಾರಿ ಶಾಲೆ ಸರಿಯಾಗುವವರೆಗೆ ಅದು ಅಳಿಯುವುದಿಲ್ಲ. ಅದಕ್ಕಾಗಿ ನಾವು ಒಟ್ಟಾಗಿ ಹೋರಾಡಬೇಕು. ಸಂಘದ ಬೇಡಿಕೆಗಳ ಪಟ್ಟಿಯಲ್ಲಿ ತುಟ್ಟಿಭತ್ಯೆ, ಬೋನಸ್ಸುಗಳ ಜೊತೆಗೆ ನಮ್ಮ ವಾರ್ಡಿನ ಶಾಲೆಗೆ ಮಾಸ್ತರರು ಬೇಕೆಂಬುದನ್ನೂ ಬರೆಯಬೇಕು. ಅದನ್ನು ಬರೆಯದೆ ನಿಧಿಯೊಂದರಿಂದಲೇ ತೃಪ್ತರಾದರೆ ಲಂಡನ್ನಿನ ಪದಕ ಕೊಟ್ಟವರಿಗೂ ನಮಗೂ ಹೆಚ್ಚು ವ್ಯತ್ಯಾಸ ಉಳಿಯುವುದಿಲ್ಲ.

ಕೊನೆಯದಾಗಿ ಒಂದು ವಿನಂತಿ. ಕೋಣೆ ಸಿದ್ಧವಾದ ದಿನ ಮೊದಲು ಕರೆಯಬೇಕಾದವನು ಸಾಲದಿಂದಾಗಿ ಹಿಂತಿರುಗಿ ಬಂದ ಆ ಹುಡುಗ. ಅವನು ಮನೆಯಲ್ಲಿ ಕುಳಿತು ಎಂಟು ತಿಂಗಳಾಯಿತು. ಅವನನ್ನು ಕರೆಯಲು ನಾನೇ ಹೋಗುತ್ತೇನೆ. ನನ್ನ ಜೊತೆ ಯಾರು ಬರುತ್ತೀರಿ ಎಂಬುದನ್ನು ಸಭೆ ಮುಗಿದ ಮೇಲೆ ತಿಳಿಸಿರಿ.